ಒಂದು ಚಿಹ್ನೆಗೆ ಎಷ್ಟು ಹೇರು?

ಶಾಲೆಯ ಹುಡುಗನೊಬ್ಬನು ಗಣಿತದ ಪಾಠದಲ್ಲಿ 2 + 3 = 5 ಎಂದು ಬರೆಯುತ್ತಾನೆ. ಅದೇ ಹುಡುಗನು ಮುಂದಿನ ಗಂಟೆ ಹೊಡೆದ ಮೇಲೆ ಕನ್ನಡ ವ್ಯಾಕರಣದ ಪಾಠಕ್ಕೆ ಕುಳಿತು ಮಳೆ + ಕಾಲ = ಮಳೆಗಾಲ ಎಂದು ಬರೆಯುತ್ತಾನೆ. ಎರಡು ಕಡೆಯೂ ಚಿಹ್ನೆ ಒಂದೇ. ಅರ್ಥ ಮಾತ್ರ ಬೇರೆ. ಮೊದಲನೆಯದರಲ್ಲಿ 2 ಮತ್ತು 3ನ್ನು ಅದಲುಬದಲು ಮಾಡಿದರೂ ಉತ್ತರ ಕೆಡದು; ಎರಡನೆಯದರಲ್ಲಿ ಹಾಗೆ ಮಾಡಿದರೆ ಮಳೆಗಾಲವೇ ಮಾಯವಾಗುತ್ತದೆ. ಅಷ್ಟೇ ಅಲ್ಲ, ಇಲ್ಲಿ ಕಕಾರವು ಹೋಗಿ ಅದರ ಸ್ಥಾನದಲ್ಲಿ ಗಕಾರವು ಬಂದು ಕುಳಿತಿದೆ. ಇಷ್ಟಾದರೂ ಇದರಿಂದ ಗಲಿಬಿಲಿಗೊಂಡ ಹುಡುಗನನ್ನು ನಾವು ಕಾಣೆವು. ಈಗ ನಡೆಯುತ್ತಿರುವುದು ಯಾವ ಪಾಠ, ಎದುರಿಗಿರುವುದು ಯಾವ ಪುಸ್ತಕ ಎಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ.

ರಟ್ಟು ಹರಿದುಹೋದ, ಹೆಸರಿಲ್ಲದ ಒಂದು ಪುಸ್ತಕದ ನಡುವಣ ಹಾಳೆಯೊಂದು ಕೈಗೆ ಸಿಕ್ಕಿ, ಅದರಲ್ಲಿ 'ಕ + ಖ' ಎಂದಷ್ಟೇ ಬರೆದಿದ್ದರೆ ಏನೆಂದು ತಿಳಿಯಬೇಕು? ಇದು ಲೆಕ್ಕವೋ, ಸಂಧಿಯೋ? ಗಣಕಯಂತ್ರಗಳಿಗಾಗಿ ಬರೆದ ಕ್ರಮವಿಧಿಗಳನ್ನು ಓದಬೇಕಾದವರು ಇಂದು ಬಹುಮಟ್ಟಿಗೆ ಇದೇ ಸ್ಥಿತಿಯಲ್ಲಿದ್ದಾರೆ. ಅವರನ್ನು ಈ ಸ್ಥಿತಿಗೆ ತಂದ ಸೌಕರ್ಯಕ್ಕೆ ಆ ವೃತ್ತಿಯವರು 'ಆಪರೇಟರ್ ಓವರ್‌ಲೋಡಿಂಗ್' ಎಂದು ಹೆಸರಿಟ್ಟಿದ್ದಾರೆ. ಕೂಡುವ, ಕಳೆಯುವ, ಗುಣಿಸುವ ಚಿಹ್ನೆಗಳ ಮೇಲೆ ಅವುಗಳ ಮೂಲಾರ್ಥವಲ್ಲದೆ ಬೇರೆ ಬೇರೆ ಅರ್ಥಗಳನ್ನೂ ಹೇರುವುದು ಎಂದು ಇದರ ತಾತ್ಪರ್ಯ. ಹೆಸರಿಟ್ಟವರು ಯಾವ ಭಾವದಿಂದ ಇಟ್ಟರೋ ನಾವರಿಯೆವು. ಹೇರು ಹೆಚ್ಚಾದ ಗಾಡಿಯ ಚಿತ್ರವಂತೂ ನಮ್ಮ ಕಣ್ಣಿನ ಮುಂದೆ ನಿಲ್ಲುತ್ತದೆ.

ಚಿಹ್ನೆಗಳಿಗೆ ಹಲವು ಅರ್ಥಗಳಿರುವುದು ಹೊಸ ಸಂಗತಿಯೇನೂ ಅಲ್ಲ. ಕೂಡುವ ಮತ್ತು ಕಳೆಯುವ ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿಕೊಂಡುದು 1489ರಲ್ಲಿ, ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಯೊಹಾನೆಸ್ ವಿಡ್ಮನ್ ಎಂಬವನು ಪ್ರಕಟಿಸಿದ ವ್ಯಾಪಾರದ ಲೆಕ್ಕದ ಪುಸ್ತಕದಲ್ಲಿ. ಅದಕ್ಕಿಂತಲೂ ಸ್ವಾರಸ್ಯವಾದುದು ನಮ್ಮ ಭರತಖಂಡದ್ದೇ ಆದ ಒಂದು ಸಂಗತಿ. 1881ರಲ್ಲಿ ಪೆಷಾವರದ ಸಮೀಪದ ಬಕ್ಷಾಲಿ ಗ್ರಾಮದಲ್ಲಿ ದೊರೆತು ಈಗ ಆಕ್ಸ್‌ಫರ್ಡಿನಲ್ಲಿರುವ ಭೂರ್ಜಪತ್ರದ ಹಸ್ತಪ್ರತಿಯಲ್ಲಿ, ನಮ್ಮ ಕೂಡುವ ಚಿಹ್ನೆಯಂತೆಯೇ ಕಾಣುವ ಗುರುತನ್ನು ಸಂಖ್ಯೆಯ ಮುಂದೆ ಹಾಕಿದರೆ ಅದು ಋಣ ಸಂಖ್ಯೆ ಎಂದು ಅರ್ಥ! ಚಿಹ್ನೆಗೆ ತನ್ನದೇ ಆದ ಅರ್ಥವೆಂಬುದಿಲ್ಲ. ಓದುವವರೂ ಬರೆಯುವವರೂ ಮಾಡಿಕೊಂಡ ಒಪ್ಪಂದದಿಂದಲೇ ಅದಕ್ಕೆ ಅರ್ಥ. ಒಪ್ಪಂದವನ್ನು ಮುರಿಯುವ ಅಧಿಕಾರವು ಒಬ್ಬನಿಗೇ ದೊರೆತಾಗ ಏನಾಗುವುದೆಂಬುದೇ ಇಲ್ಲಿಯ ಪ್ರಶ್ನೆ.

ಗಣಕದ ಭಾಷೆಗಳಲ್ಲಿ ಇದು ನಡೆದುಬಂದ ಬಗೆಯನ್ನು ಸ್ವಲ್ಪ ನೋಡೋಣ. ಯಂತ್ರದ ಒಡಲಿನಲ್ಲಿ ಪೂರ್ಣಾಂಕಗಳನ್ನು ಕೂಡಿಸುವ ಆದೇಶವೇ ಬೇರೆ, ದಶಮಾಂಶವುಳ್ಳ ಸಂಖ್ಯೆಗಳನ್ನು ಕೂಡಿಸುವ ಆದೇಶವೇ ಬೇರೆ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ಭಾಷೆಯಲ್ಲಿಯೇ ಈ ಎರಡಕ್ಕೂ '+' ಎಂಬ ಒಂದೇ ಗುರುತನ್ನು ಬಳಸಿದ್ದರು. ಇಂಗ್ಲೆಂಡಿನ ಕ್ರಿಸ್ಟೋಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಇದರ ಸ್ವರೂಪವನ್ನು ವಿಂಗಡಿಸಿ ತೋರಿಸಿದರು. ಯಾವ ಬಗೆಯ ದತ್ತಾಂಶವನ್ನು ಕೊಟ್ಟರೂ ಒಂದೇ ರೀತಿಯಲ್ಲಿ ನಡೆಯುವ ಕ್ರಿಯೆಗಳು ಒಂದು ವರ್ಗ; ಒಂದೇ ಹೆಸರಿನ ಮರೆಯಲ್ಲಿ ಒಂದೊಂದು ಬಗೆಗೆ ಒಂದೊಂದು ಬೇರೆ ವಿಧಾನವನ್ನು ಅಡಗಿಸಿಟ್ಟುಕೊಂಡಿರುವ ಕ್ರಿಯೆಗಳು ಇನ್ನೊಂದು ವರ್ಗ. ನಮ್ಮ ಕೂಡುವ ಚಿಹ್ನೆ ಎರಡನೆಯ ವರ್ಗಕ್ಕೆ ಸೇರಿದುದು. ಅಲ್ಲಿಯವರೆಗೆ ಈ ಅಡಗಿಸಿಡುವ ಕೆಲಸವನ್ನು ಭಾಷೆಯನ್ನು ರೂಪಿಸಿದವರೇ ಮಾಡುತ್ತಿದ್ದರು. ಆಲ್ಗಾಲ್ 68 ಎಂಬ ಭಾಷೆಯು ಆ ಅಧಿಕಾರವನ್ನು ಬಳಸುವವರ ಕೈಗೂ ಕೊಟ್ಟಿತು. 1979ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್‌ಟ್ರುಪ್ ಆರಂಭಿಸಿದ ಕೆಲಸವು ಸಿ ಪ್ಲಸ್ ಪ್ಲಸ್ ಎಂಬ ಹೆಸರಿನಿಂದ 1985ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಪದ್ಧತಿಯು ಲೋಕದಲ್ಲೆಲ್ಲ ಹರಡಿತು.

ಇದರ ಪರವಾಗಿ ಹೇಳತಕ್ಕ ಮಾತುಗಳು ಇಲ್ಲದಿಲ್ಲ. ಅವು ಹಗುರವಾದ ಮಾತುಗಳೂ ಅಲ್ಲ. ಗಣಿತಜ್ಞರು ಸಮ್ಮಿಶ್ರ ಸಂಖ್ಯೆಗಳನ್ನೂ ಸದಿಶಗಳನ್ನೂ ಮಾತೃಕೆಗಳನ್ನೂ ಇದೇ ಚಿಹ್ನೆಯಿಂದ ಕೂಡಿಸುತ್ತ ಬಂದಿದ್ದಾರೆ. ಅವರ ಸೂತ್ರವನ್ನು ಇದ್ದಂತೆಯೇ ಗಣಕಕ್ಕೆ ಬರೆಯಲು ಸಾಧ್ಯವಾದರೆ ತಪ್ಪುಗಳು ಕಡಿಮೆಯಾಗುವುದು ಸಹಜ. ಜಾವಾ ಭಾಷೆಯಲ್ಲಿ ಹಣದ ಲೆಕ್ಕಕ್ಕೆ ಬೇಕಾಗುವ ನಿಖರವಾದ ದಶಮಾಂಶ ಸಂಖ್ಯೆಗಳಿಗೆ ಈ ಚಿಹ್ನೆಗಳನ್ನು ಬಳಸುವಂತಿಲ್ಲ. ಆದುದರಿಂದ 'ಅಸಲು * ದರ * ಕಾಲ / 100' ಎಂಬ ಸರಳಬಡ್ಡಿಯ ಸೂತ್ರವು ಅಲ್ಲಿ 'ಅಸಲು.ಗುಣಿಸು(ದರ).ಗುಣಿಸು(ಕಾಲ).ಭಾಗಿಸು(ನೂರು)' ಎಂಬ ಧಾಟಿಯನ್ನು ತಾಳುತ್ತದೆ. ಇದನ್ನು ಸೊಗಸೆಂದು ಯಾರೂ ಹೇಳಲಾರರು. ಇನ್ನೊಂದು ವಾದವೂ ಉಂಟು. ಉದ್ದಕ್ಕೆ ಒಂದು ಬಗೆ, ಕಾಲಕ್ಕೆ ಇನ್ನೊಂದು ಬಗೆ ಎಂದು ನಿಯಮಿಸಿ, ಮೀಟರಿಗೆ ಸೆಕೆಂಡನ್ನು ಕೂಡಿಸಹೋದರೆ '+' ಚಿಹ್ನೆಯೇ ಒಲ್ಲೆನೆನ್ನುವಂತೆ ಮಾಡಬಹುದು. 1999ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಮಂಗಳ ನೌಕೆಯೊಂದು, ಮಾರ್ಸ್ ಕ್ಲೈಮೇಟ್ ಆರ್ಬಿಟರ್, ಪೌಂಡು ಮತ್ತು ನ್ಯೂಟನ್ನುಗಳ ಗೊಂದಲದಿಂದ ನಷ್ಟವಾದುದನ್ನು ಈ ವಾದದವರು ನೆನಪಿಸುವುದುಂಟು. ಅಲ್ಲಿ ಅಂಕಿಗಳು ಒಂದು ಕ್ರಮವಿಧಿಯಿಂದ ಇನ್ನೊಂದಕ್ಕೆ ಕಡತದ ಮೂಲಕ ಸಾಗಿದ್ದುದರಿಂದ ಯಾವ ಚಿಹ್ನೆಯ ಕಾವಲೂ ನಡೆಯುತ್ತಿರಲಿಲ್ಲವೆಂಬುದು ಬೇರೆ ಮಾತು. ಒಟ್ಟಿನಲ್ಲಿ ವಾದದಲ್ಲಿ ಸತ್ತ್ವವಿದೆ.

ಇಷ್ಟನ್ನು ಒಪ್ಪಿಯೂ ನಾವು ಈ ಸೌಕರ್ಯವನ್ನು ಸಂದೇಹದಿಂದಲೇ ನೋಡುತ್ತೇವೆ. ಪಾಠಪುಸ್ತಕಗಳಲ್ಲಿ ಇದನ್ನು ವಿವರಿಸಲು ಯಾವಾಗಲೂ ಸಮ್ಮಿಶ್ರ ಸಂಖ್ಯೆಯ ಉದಾಹರಣೆಯೇ ಬರುತ್ತದೆ. ಹೊರಗಿನ ಲೋಕದಲ್ಲಿ ಅದೇ ಅಪರೂಪ.

ಸಿ ಪ್ಲಸ್ ಪ್ಲಸ್ ಭಾಷೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ತಾಯಿಯಾದ ಸಿ ಭಾಷೆಯಲ್ಲಿ '<<' ಎಂಬ ಗುರುತಿಗೆ, ಸಂಖ್ಯೆಯ ದ್ವಿಮಾನ ಅಂಕಿಗಳನ್ನು ಎಡಕ್ಕೆ ಸರಿಸು ಎಂದು ಅರ್ಥ. 5 << 1 ಎಂದರೆ 10. ಸಿ ಪ್ಲಸ್ ಪ್ಲಸ್‌ನಲ್ಲಿ ಇದೇ ಗುರುತಿಗೆ, ಎಡಗಡೆಯಲ್ಲಿ ಹೊರಹರಿವಿನ ದಾರಿಯೊಂದಿದ್ದರೆ, ಬಲಗಡೆಯದನ್ನು ಮುದ್ರಿಸು ಎಂಬ ಅರ್ಥವನ್ನೂ ಹೇರಿದರು. ಹೊರಹರಿವಿನ ದಾರಿಗೆ 'ಹೊನಲು' ಎಂದು ಹೆಸರಿಡೋಣ. 'ಹೊನಲು << 5 << 1' ಎಂದು ಬರೆದರೆ ತೆರೆಯ ಮೇಲೆ ಮೂಡುವುದು 51. 'ಹೊನಲು << (5 << 1)' ಎಂದು ಬರೆದರೆ ಮೂಡುವುದು 10. ಒಂದೇ ಸಾಲಿನಲ್ಲಿ, ಒಂದೇ ಗುರುತು, ಆವರಣವೊಂದು ಬಂದು ಕುಳಿತ ಮಾತ್ರದಿಂದ ಬೇರೆ ಕಸುಬಿಗೆ ಹೊರಟುಬಿಡುತ್ತದೆ!

ಇಲ್ಲಿ ಇನ್ನೊಂದು ತೊಡಕುಂಟು. ಲೆಕ್ಕದಲ್ಲಿ ಗುಣಾಕಾರವು ಮೊದಲು, ಸಂಕಲನವು ಅನಂತರ ಎಂಬ ನಿಯಮವಿರುವಂತೆ ಗಣಕದ ಪ್ರತಿಯೊಂದು ಚಿಹ್ನೆಗೂ ಸರದಿಯುಂಟು. ಚಿಹ್ನೆಗೆ ಹೊಸ ಅರ್ಥ ಕೊಡಬಹುದು. ಆದರೆ ಅದರ ಸರದಿಯನ್ನು ಬದಲಿಸಲು ಸಿ ಪ್ಲಸ್ ಪ್ಲಸ್ ಭಾಷೆಯು ಅವಕಾಶ ಕೊಡದು. ಹೀಗಾಗಿ ಹಳೆಯ ಕೆಲಸದ ಸರದಿಯಲ್ಲಿಯೇ ನಿಂತು ಹೊಸ ಕೆಲಸವನ್ನು ಮಾಡಬೇಕಾಗುತ್ತದೆ. ಹುಡುಗನೊಬ್ಬನು ತೇರ್ಗಡೆಯಾಗಿದ್ದರೆ 'ಹೌದು' ಎಂದೂ ಇಲ್ಲದಿದ್ದರೆ 'ಇಲ್ಲ' ಎಂದೂ ಮುದ್ರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದಕ್ಕೆ, 'ಹೊನಲು << ತೇರ್ಗಡೆ ? "ಹೌದು" : "ಇಲ್ಲ"' ಎಂದು ಬರೆಯುವುದು ಸಹಜವಾಗಿ ತೋರುತ್ತದೆ. ಯಂತ್ರವು ಅದನ್ನು ತೆಗೆದುಕೊಳ್ಳುತ್ತದೆ. ಅನುವಾದ ಮಾಡುವ ಕಂಪೈಲರ್ ಬಹುಶಃ ಸಣ್ಣದೊಂದು ಎಚ್ಚರಿಕೆಯನ್ನು ಗೊಣಗಬಹುದು. ಆದರೆ ತೆರೆಯ ಮೇಲೆ ಮೂಡುವುದು 'ಹೌದು' ಅಲ್ಲ, 'ಇಲ್ಲ'ವೂ ಅಲ್ಲ. ಬರಿಯ 1 ಅಥವಾ 0. '<<' ಗುರುತಿನ ಸರದಿ ಮೊದಲಾದುದರಿಂದ ತೇರ್ಗಡೆಯ ಬೆಲೆಯನ್ನು ಮುದ್ರಿಸಿ ಮುಗಿಸಿತು. ಆ ಮೇಲೆ ಆರಿಸಿದ ಉತ್ತರವನ್ನು ಕೇಳುವವರೇ ಇಲ್ಲದೆ ಅದು ಗಾಳಿಗೆ ಹೋಯಿತು.

ಗಣಿತದ ಚಿಹ್ನೆಗಳಿಗೆ ಅರ್ಥದ ಜೊತೆಗೆ ನಡತೆಯೂ ಉಂಟು. ಕ + ಖ ಎಂಬುದೂ ಖ + ಕ ಎಂಬುದೂ ಒಂದೇ. ಮೂರು ಸಂಖ್ಯೆಗಳನ್ನು ಯಾವ ಜೋಡಿಯಿಂದ ಆರಂಭಿಸಿ ಕೂಡಿಸಿದರೂ ಮೊತ್ತ ಒಂದೇ. ಈ ನಡತೆಯನ್ನು ನಂಬಿಯೇ ನಾವು ಸೂತ್ರಗಳನ್ನು ಓದುತ್ತೇವೆ. (ಯಂತ್ರದೊಳಗಿನ ದಶಮಾಂಶ ಸಂಖ್ಯೆಗಳು ಈ ಎರಡನೆಯ ನಿಯಮವನ್ನು ಸಂಪೂರ್ಣವಾಗಿ ಪಾಲಿಸುವುದಿಲ್ಲ, 0.1, 0.2, 0.3 ಇವನ್ನು ಬೇರೆ ಬೇರೆ ಜೋಡಿಯಿಂದ ಕೂಡಿಸಿದರೆ ಕೊನೆಯ ಅಂಕಿಯಲ್ಲಿ ವ್ಯತ್ಯಾಸ ಬರುವುದುಂಟು. ಆದರೆ ಅದು ಕೂದಲೆಳೆಯ ವ್ಯತ್ಯಾಸ.) ಅಕ್ಷರಮಾಲೆಗಳನ್ನು ಒಂದಕ್ಕೊಂದು ಪೋಣಿಸುವುದಕ್ಕೆ '+' ಚಿಹ್ನೆಯನ್ನು ಬಳಸಿದಾಗ ಈ ನಡತೆ ಮುರಿದುಬೀಳುತ್ತದೆ. 1995ರಲ್ಲಿ ಹೊರಬಂದ ಜಾವಾ ಭಾಷೆಯ ನಿರ್ಮಾಪಕರಾದ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ಚಿಹ್ನೆಗಳಿಗೆ ಹೊಸ ಅರ್ಥ ಕೊಡುವುದನ್ನು ಬಳಕೆದಾರರಿಗೆ ನಿಷೇಧಿಸಿದರು. ಆದರೆ ತಾವು ಮಾತ್ರ ಅಕ್ಷರಮಾಲೆಗಳಿಗೆ '+' ಇರಲಿ ಎಂದು ಇಟ್ಟುಕೊಂಡರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತಾಯಿತು. ಅದರ ಫಲವನ್ನು ನೋಡಿ: '1 + 2 + "ರೂಪಾಯಿ"' ಎಂದರೆ '3ರೂಪಾಯಿ', '"ರೂಪಾಯಿ " + 1 + 2' ಎಂದರೆ 'ರೂಪಾಯಿ 12'! ಅದೇ ವರ್ಷ ಹುಟ್ಟಿದ ಜಾವಾಸ್ಕ್ರಿಪ್ಟಿನಲ್ಲಿ '"5" + 3' ಎಂಬುದು "53", '"5" - 3' ಎಂಬುದು 2. ಕೂಡಿಸುವಾಗ ಅಕ್ಷರವಾಗಿದ್ದುದು ಕಳೆಯುವಾಗ ಅಂಕಿಯಾಯಿತು. ಇದರ ಮೇಲೆ ನಾವು ಹೆಚ್ಚು ಬರೆಯಬೇಕಾದುದಿಲ್ಲ.

ಇನ್ನೂ ಸೂಕ್ಷ್ಮವಾದ ಕೆಡುಕೊಂದನ್ನು ಹೇಳಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ '&&' ಎಂಬ ಗುರುತಿಗೆ 'ಮತ್ತು' ಎಂದು ಅರ್ಥ. 'ಜನ != 0 && ಮೊತ್ತ / ಜನ > 100' ಎಂದು ಬರೆದರೆ, ಜನರ ಸಂಖ್ಯೆ ಸೊನ್ನೆಯಾದ ಪಕ್ಷದಲ್ಲಿ ಯಂತ್ರವು ಎರಡನೆಯ ಭಾಗದ ಕಡೆಗೆ ತಿರುಗಿಯೂ ನೋಡದು; ಸೊನ್ನೆಯಿಂದ ಭಾಗಿಸುವ ಅಪಾಯವು ತಪ್ಪಿತು. ಬರೆಯುವವರೆಲ್ಲರೂ ಈ ರಕ್ಷೆಯನ್ನು ನಂಬಿರುತ್ತಾರೆ. ಯಾರೋ ಒಬ್ಬರು 'ಹೌದು, ಇಲ್ಲ, ತಿಳಿಯದು' ಎಂಬ ಮೂರು ಬೆಲೆಗಳುಳ್ಳ ತಮ್ಮದೇ ತರ್ಕದ ಬಗೆಯೊಂದನ್ನು ರಚಿಸಿ, ಅದಕ್ಕಾಗಿ '&&' ಗುರುತಿಗೆ ಹೊಸ ಅರ್ಥ ಕೊಟ್ಟರೆನ್ನೋಣ. ಈಗ ಆ ಗುರುತು ಸಾಧಾರಣವಾದ ಫಂಕ್ಷನ್ ಆಗಿಹೋಯಿತು. ಫಂಕ್ಷನ್ನಿಗೆ ಕೊಡುವ ಎರಡು ಬೆಲೆಗಳನ್ನೂ ಮೊದಲೇ ಲೆಕ್ಕ ಹಾಕಿಯೇ ತೀರಬೇಕು. ರಕ್ಷೆ ಕಳಚಿತು, ಹೊರಗಿನಿಂದ ನೋಡುವವರಿಗೆ ಒಂದಕ್ಷರವೂ ಬದಲಾಗಿಲ್ಲ. ಸ್ಕಾಟ್ ಮೇಯರ್ಸ್ ಅವರು 1996ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಚಿಹ್ನೆಗೆ ಎಂದೂ ಹೊಸ ಅರ್ಥ ಕೊಡಕೂಡದೆಂದು ಬೋಧಿಸಿದರು. ಎಂದೂ ಮಾಡಕೂಡದ ಕೆಲಸಕ್ಕೆ ಭಾಷೆಯು ಬಾಗಿಲನ್ನು ತೆರೆದಿಟ್ಟಿರುವುದೇಕೆ ಎಂದು ಕೇಳಿದರೆ ತಪ್ಪೇ?

ವೆಚ್ಚದ ಮಾತೂ ಇದೆ. ಎರಡು ಪೂರ್ಣಾಂಕಗಳ ಸಂಕಲನಕ್ಕೆ ಯಂತ್ರದ ಒಂದು ಆದೇಶ ಸಾಕು. ಸಾವಿರ ಸಾಲು, ಸಾವಿರ ಕಂಬಗಳುಳ್ಳ ಎರಡು ಮಾತೃಕೆಗಳನ್ನು ಕೂಡಿಸಲು ಹತ್ತು ಲಕ್ಷ ಸಂಕಲನಗಳು ಬೇಕು. ಒಂದೊಂದು ಬೆಲೆಗೆ 8 ಬೈಟುಗಳಂತೆ ಉತ್ತರವನ್ನಿಡಲು 80 ಲಕ್ಷ ಬೈಟುಗಳ ಸ್ಥಳ ಬೇಕು. ಅವನ್ನು ಸಾಧಾರಣ ಕ್ರಮದಲ್ಲಿ ಗುಣಿಸಹೋದರೆ 100 ಕೋಟಿ ಗುಣಾಕಾರಗಳು. ಕಾಗದದ ಮೇಲೆ ಎಲ್ಲವೂ ಒಂದೇ ಅಳತೆಯ ಗುರುತುಗಳು. ಜಾವಾದಲ್ಲಿ ಒಂದು ಲಕ್ಷ ಅಕ್ಷರಗಳನ್ನು ಒಂದೊಂದಾಗಿ '+' ಚಿಹ್ನೆಯಿಂದ ಪೋಣಿಸಿದರೆ, ಪ್ರತಿಸಲವೂ ಹಿಂದಿನ ಮಾಲೆಯನ್ನೆಲ್ಲ ನಕಲು ಮಾಡಬೇಕಾಗಿ ಬಂದು, ಒಟ್ಟು ಸುಮಾರು 500 ಕೋಟಿ ಅಕ್ಷರಗಳ ನಕಲಾಗುತ್ತದೆ. ಹೊಸಬರು ಇದನ್ನು ಅರಿಯದೆ ಬರೆದು, ತಮ್ಮ ಯಂತ್ರವೇ ಮಂದವೆಂದು ದೂರುವುದನ್ನು ಈ ವೃತ್ತಿಯವರೆಲ್ಲರೂ ಬಲ್ಲರು.

ಇದಕ್ಕೆ ವಿರುದ್ಧವಾಗಿ ಒಂದು ಆಕ್ಷೇಪ ಬರುತ್ತದೆ: ಹೆಸರುಗಳೂ ಸುಳ್ಳು ಹೇಳಬಲ್ಲವಲ್ಲ, 'ಕೂಡು' ಎಂಬ ಹೆಸರಿನ ಫಂಕ್ಷನ್ನಿನಲ್ಲಿ ಕಳೆಯುವ ಕೆಲಸವನ್ನು ಬರೆದರೆ ತಡೆಯುವವರಾರು? ನಿಜ. ಆದರೆ ಹೆಸರಿಗೆ ಹಿಗ್ಗುವ ಶಕ್ತಿಯಿದೆ. 'ಪಟ್ಟಿಯ_ಕೊನೆಗೆ_ಸೇರಿಸು', 'ಸ್ಥಾನಕ್ಕೆ_ಸ್ಥಾನ_ಕೂಡು' ಎಂದು ಬಿಡಿಸಿ ಹೇಳಬಹುದು. ಒಂದು ಗುರುತಿಗೆ ಆ ಅವಕಾಶವಿಲ್ಲ. ಹೆಸರನ್ನು ಕಡತದಲ್ಲಿ ಹುಡುಕಿ ತೆಗೆಯಬಹುದು. ಸಾವಿರ '+' ಚಿಹ್ನೆಗಳ ನಡುವೆ ಬೇಕಾದುದೊಂದನ್ನು ಹುಡುಕುವುದು ಹೇಗೆ? ಅಪರಿಚಿತವಾದ ಹೆಸರು ಕಂಡಾಗ ಓದುಗನು ನಿಲ್ಲುತ್ತಾನೆ. ಪರಿಚಿತವಾದ ಚಿಹ್ನೆ ಕಂಡಾಗ ನಿಲ್ಲದೆ ಮುಂದಕ್ಕೆ ಹೋಗುತ್ತಾನೆ. ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ದೋಷವು ಇದೇ. ಅಮರಕೋಶದ ನಾನಾರ್ಥವರ್ಗದಲ್ಲಿ 'ಹರಿ' ಎಂಬ ಶಬ್ದಕ್ಕೆ ವಿಷ್ಣು, ಸಿಂಹ, ಕಪಿ, ಕುದುರೆ, ಕಪ್ಪೆ ಎಂದು ಎಷ್ಟೋ ಅರ್ಥಗಳಿವೆ. ಕವಿಗೆ ಅದು ಭಂಡಾರ. ಶ್ಲೇಷೆಯನ್ನು ಬಿಡಿಸುವುದರಲ್ಲಿ ರಸಿಕನಿಗೂ ಸಂತೋಷವಿದೆ. ಸಂಬಳದ ಪಟ್ಟಿಯನ್ನೋ ರೋಗಿಗೆ ಕೊಡುವ ಔಷಧದ ಪ್ರಮಾಣವನ್ನೋ ಲೆಕ್ಕ ಹಾಕುವ ಕ್ರಮವಿಧಿಯಲ್ಲಿ ಶ್ಲೇಷೆಯ ರಸವನ್ನು ಸವಿಯುವವರಾರು?

ಪೈಥಾನ್ ಭಾಷೆಯಲ್ಲಿ ನಡೆದುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ವಿಜ್ಞಾನಿಗಳು ಇಂದು ಬಹಳವಾಗಿ ಬಳಸುವ ಭಾಷೆ ಅದು. ರೋಗದ ಚಿಹ್ನೆಯೂ ಮದ್ದೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಎರಡು ಮಳೆಮಾಪನ ಕೇಂದ್ರಗಳಲ್ಲಿ ಜೂನ್ ತಿಂಗಳಿನಲ್ಲಿ 120 ಮತ್ತು 200 ಮಿಲಿಮೀಟರ್, ಜುಲೈ ತಿಂಗಳಿನಲ್ಲಿ 180 ಮತ್ತು 300 ಮಿಲಿಮೀಟರ್ ಮಳೆಯಾಯಿತೆಂದು ಭಾವಿಸೋಣ. 'ಜೂನ್ + ಜುಲೈ' ಎಂದು ಬರೆದು, ಕೇಂದ್ರವೊಂದಕ್ಕೆ ಬಿದ್ದ ಮಳೆಯ ಸರಾಸರಿಯನ್ನು ಕೇಳುತ್ತೇವೆ. ಈ ಅಂಕಿಗಳು ನಂಪೈ ಎಂಬ ಗಣಿತ ಭಂಡಾರದ ಸರಣಿಗಳಾಗಿದ್ದರೆ '+' ಚಿಹ್ನೆ ಸ್ಥಾನಕ್ಕೆ ಸ್ಥಾನ ಕೂಡಿಸಿ 300, 500 ಎಂದು ಕೊಡುತ್ತದೆ, ಸರಾಸರಿ 400. ಅವೇ ಅಂಕಿಗಳು ಪೈಥಾನಿನ ಸಾಧಾರಣ ಪಟ್ಟಿಗಳಾಗಿದ್ದರೆ '+' ಚಿಹ್ನೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ 120, 200, 180, 300 ಎಂದು ಕೊಡುತ್ತದೆ, ಸರಾಸರಿ 200. ಮಳೆ ಸರಿಯಾಗಿ ಅರ್ಧವಾಯಿತು! ಯಂತ್ರವು ತಪ್ಪೆಂದು ಹೇಳಲಿಲ್ಲ. 200 ಎಂಬ ಉತ್ತರವೂ ನಂಬಲಾಗದಂಥದಲ್ಲ. ಅದನ್ನು ನಂಬಿ ಕೆರೆಯ ತೂಬಿನ ಲೆಕ್ಕವನ್ನು ಮಾಡುವವರು ಮುಂದೆ ಕುಳಿತಿದ್ದಾರೆ.

ಗುಣಾಕಾರದ ಕಥೆ ಇದಕ್ಕಿಂತ ದೊಡ್ಡದು. ಮಾತೃಕೆಗಳನ್ನು ಗುಣಿಸುವುದರಲ್ಲಿ ಎರಡು ಪದ್ಧತಿಗಳಿವೆ. 1, 2 ಮತ್ತು 3, 4 ಎಂಬ ಸಾಲುಗಳುಳ್ಳ ಮಾತೃಕೆಯನ್ನು 5, 6 ಮತ್ತು 7, 8 ಎಂಬ ಸಾಲುಗಳುಳ್ಳ ಮಾತೃಕೆಯಿಂದ ಸ್ಥಾನಕ್ಕೆ ಸ್ಥಾನ ಗುಣಿಸಿದರೆ ಬರುವುದು 5, 12 ಮತ್ತು 21, 32. ಬೀಜಗಣಿತದ ನಿಯಮದಂತೆ ಸಾಲನ್ನು ಕಂಬದಿಂದ ಗುಣಿಸಿದರೆ ಬರುವುದು 19, 22 ಮತ್ತು 43, 50. ಎರಡಕ್ಕೂ ದೊರೆಯುತ್ತಿದ್ದ ಚಿಹ್ನೆ '*' ಒಂದೇ. ನಂಪೈಯಲ್ಲಿ 'ಸರಣಿ' ಎಂಬ ಬಗೆಗೆ ಮೊದಲ ಅರ್ಥವನ್ನೂ, 'ಮಾತೃಕೆ' ಎಂಬ ಇನ್ನೊಂದು ಬಗೆಗೆ ಎರಡನೆಯ ಅರ್ಥವನ್ನೂ ಕೊಟ್ಟರು. ಒಬ್ಬರು ಸರಣಿಗಾಗಿ ಬರೆದ ಫಂಕ್ಷನ್ನಿಗೆ ಇನ್ನೊಬ್ಬರು ಮಾತೃಕೆಯನ್ನು ಕೊಟ್ಟರೆ, ಸಾಲುಗಳೂ ಕಂಬಗಳೂ ಸಮವಾಗಿರುವವರೆಗೆ, ಯಾವ ದೂರೂ ಇಲ್ಲದೆ ತಪ್ಪು ಉತ್ತರ ಬರುತ್ತಿತ್ತು. ಬೇರೊಂದು ಚಿಹ್ನೆ ಬೇಕೆಂಬ ಸಲಹೆಗಳು 2000ದಲ್ಲಿಯೇ ಬಂದಿದ್ದವು, ಫಲಿಸಲಿಲ್ಲ. ಕೊನೆಗೆ 2015ರಲ್ಲಿ ಹೊರಬಂದ ಪೈಥಾನ್ 3.5ರಲ್ಲಿ '@' ಎಂಬ ಗುರುತನ್ನು ಮಾತೃಕೆಗಳ ಗುಣಾಕಾರಕ್ಕಾಗಿ ಹೊಸದಾಗಿ ಸೇರಿಸಿದರು. ಅಂದಿನಿಂದ ನಂಪೈ ಸರಣಿಗಳಲ್ಲಿ ಒಂದು ಕೆಲಸಕ್ಕೆ '*', ಇನ್ನೊಂದು ಕೆಲಸಕ್ಕೆ '@'.

ನಾವು ಬಯಸುವ ದಾರಿಯೂ ಇದೇ: ಕೆಲಸ ಹೊಸದಾದರೆ ಹೆಸರೂ ಹೊಸದಾಗಲಿ, ಗುರುತೇ ಬೇಕಾದರೆ ಹೊಸ ಗುರುತಾಗಲಿ. 2009ರಲ್ಲಿ ಪ್ರಕಟವಾದ ಗೋ ಭಾಷೆಯು ಜಾವಾದಂತೆಯೇ ಬಳಕೆದಾರರಿಗೆ ಈ ಬಾಗಿಲನ್ನು ಮುಚ್ಚಿದೆ. ಸಂಖ್ಯೆಗಳ ಶಾಸ್ತ್ರದಲ್ಲಿಯೇ ಮುಳುಗಿರುವವರಿಗೆ ಅದು ಕಠಿನವಾಗಿ ತೋರುವುದುಂಟು. ಅವರಿಗಾಗಿ, ಕೂಡುವ ಚಿಹ್ನೆಯ ನಡತೆಯನ್ನು ಕಾಪಾಡಿಕೊಳ್ಳುವ ಸಂಖ್ಯಾರೂಪದ ಬಗೆಗಳಿಗೆ ಮಾತ್ರ ಕಿಂಡಿಯೊಂದನ್ನು ಬಿಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಪೈಥಾನಿನಲ್ಲಿ 2014ರಿಂದ ಕಡತಗಳ ವಿಳಾಸಗಳನ್ನು ಜೋಡಿಸಲು ಭಾಗಾಕಾರದ '/' ಗುರುತನ್ನು ಬಳಸುವ ಪದ್ಧತಿಯೊಂದು ಬಂದಿದೆ. ನ್ಯಾಯವಾಗಿ ಅದನ್ನೂ ಖಂಡಿಸಬೇಕಾಗಿದ್ದಿತು. ಆದರೆ ಕಡತದ ವಿಳಾಸದಲ್ಲಿ ಆ ಗುರುತು ಮೊದಲಿನಿಂದಲೂ ಇದ್ದುದರಿಂದಲೂ, ವಿಳಾಸವನ್ನು ಭಾಗಿಸುವರೆಂದು ಯಾರೂ ಭ್ರಮಿಸಲಾರರಾದುದರಿಂದಲೂ ಸುಮ್ಮನಿದ್ದೇವೆ.

ನಂಪೈಯ ಆ 'ಮಾತೃಕೆ' ಬಗೆಯನ್ನು ಇನ್ನು ಮುಂದೆ ಬಳಸುವುದು ಬೇಡವೆಂದು ಅದರ ಕೈಪಿಡಿಯೇ ಈಗ ಸಲಹೆ ಮಾಡುತ್ತದೆ. ಆದರೆ ಅದನ್ನು ನೆಚ್ಚಿ ಬರೆದ ಹಳೆಯ ಕ್ರಮವಿಧಿಗಳು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಅಂಥ ಕ್ರಮವಿಧಿಯನ್ನು ತಿದ್ದಲು ಕುಳಿತವರು '*' ಕಂಡ ಕಡೆಯಲ್ಲೆಲ್ಲ ನಿಂತು, ಅದರ ಎಡಬಲಗಳಲ್ಲಿರುವುದು ಯಾವ ಬಗೆ ಎಂಬುದನ್ನು ತಿಳಿಯಲು ಪುಟಗಳನ್ನು ಹಿಂದಕ್ಕೆ ತಿರುವಬೇಕಾಗಿದೆ.